ಮೂಗು ದಪ್ಪ ಕಾಣುವುದು ಕ್ಯಾಮೆರಾದಿಂದ

ಕೊರೊನಾ ಕಾಲದ ಆನ್‌ಲೈನ್ ಕ್ಲಾಸ್‌ಗಳಿಂದ ಮೂಗು ದಪ್ಪ ಅನ್ನಿಸೋಕೆ ಶುರುವಾಯಿತು, ಈಗಲೂ ಮಾಸ್ಕ್ ತೆಗೆಯಲು ಮುಜುಗರ, ನನಗೆ ಮಾತ್ರ ಹೀಗಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನನಗೂ ಹೀಗೇ ಆಗಿತ್ತು. ಪಾಠ ನಡೆಯುತ್ತಿದ್ದರೆ ನನ್ನ ಕಣ್ಣು ಪರದೆಯ ಮೂಲೆಯಲ್ಲಿದ್ದ ನನ್ನದೇ ಪುಟ್ಟ ಚೌಕದ ಮೇಲೆ. ಗಲ್ಲ ಎತ್ತಿ, ಇಳಿಸಿ, ಕೂದಲು ಸರಿಮಾಡಿ, ಕೊನೆಗೆ ವಿಡಿಯೊ ಆಫ್ ಮಾಡಿಬಿಡುತ್ತಿದ್ದೆ. ದಿನವಿಡೀ ಕನ್ನಡಿ ಮುಂದೆ ಕೂತರೆ ಯಾರಿಗಾದರೂ ಹುಳುಕೇ ಕಾಣುತ್ತದೆ, ಅಲ್ವಾ?

ಇನ್ನು ಮೂಗು. ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರ ಇದ್ದರೆ ಮುಂದೆ ಚಾಚಿರುವುದು ಜಾಸ್ತಿ ದೊಡ್ಡದಾಗಿ ಕಾಣುತ್ತದೆ. 2018ರ ಒಂದು ಅಧ್ಯಯನದ ಲೆಕ್ಕದಲ್ಲಿ, 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು 5 ಅಡಿ ದೂರದ ಫೋಟೋಗಿಂತ ಸುಮಾರು 30% ಅಗಲ ಕಾಣುತ್ತದೆ. ನೀವು ಸುಮ್ನೆ ನಿಮ್ಮ ಮುಖವನ್ನು ಬೈದುಕೊಳ್ಳುತ್ತಿದ್ದೀರಿ!

ಇದೇ ಯೋಚನೆ ದಿನಾ ಗಂಟೆಗಟ್ಟಲೆ ಕಾಡುತ್ತಿದ್ದರೆ, ಹೊರಗೆ ಹೋಗುವುದೇ ನಿಂತಿದ್ದರೆ, ದಯವಿಟ್ಟು ಆಪ್ತ ಸಮಾಲೋಚಕರನ್ನು ಕಾಣಿ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅಷ್ಟಿಲ್ಲದಿದ್ದರೆ ಝೂಮ್‌ನಲ್ಲಿ ‘ಹೈಡ್ ಸೆಲ್ಫ್ ವ್ಯೂ’ ಒತ್ತಿ (ನಿಮ್ಮ ಮುಖ ನಿಮಗೆ ಕಾಣುವುದಿಲ್ಲ), ಲ್ಯಾಪ್‌ಟಾಪ್ ಸ್ವಲ್ಪ ಹಿಂದಕ್ಕೆ ಸರಿಸಿ. ಮಾಸ್ಕನ್ನು ಮೊದಲು ಒಬ್ಬ ಆಪ್ತ ಗೆಳೆಯರ ಮುಂದೆ ತೆಗೆದು, ಹತ್ತು ನಿಮಿಷ ಮಾತಾಡಿ ನೋಡಿ. ಹೇಗಾಯಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.