ಸುಮ್ಮನೆ ಕೂತದ್ದಲ್ಲ

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ವಿದ್ಯಾರ್ಥಿಗಳ ಬಗ್ಗೆ ಓದಿದೆ. ಕರಿಯರಿಗೆ ಊಟ ಕೊಡದ ಕಡೆ ಹೋಗಿ ಸುಮ್ಮನೆ ಕೂತರು, ಏಟು ತಿಂದರು, ಬಿಳಿಯರ ಮನಸ್ಸು ಕರಗಿತು ಅಂದರೆ ನಂಬಿಕೆ ಬರುವುದಿಲ್ಲ. ನಮ್ಮ ಕಾಲೇಜಿನಲ್ಲೂ ಧರಣಿ ಕೂರುತ್ತೇವೆ, ಸಂಜೆಗೆ ಎಲ್ಲರೂ ಮನೆಗೆ. ಅವರದ್ದೇನು ವಿಶೇಷ?’
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಿಮ್ಮ ಅನುಮಾನ ನ್ಯಾಯವಾದದ್ದೇ. ಮನಸ್ಸು ಕರಗಿತೋ ಇಲ್ಲವೋ, ಅಂಗಡಿಯವರ ಗಲ್ಲಾ ಬರಿದಾದದ್ದಂತೂ ನಿಜ. ಅಲ್ಲಿಯವರೆಗೆ ನಡೆದದ್ದನ್ನು ನಾವು ‘ಸಹನೆ’ ಎಂದು ಬರೆದದ್ದೇ ತಪ್ಪು. ಅದು ತಾಲೀಮು.

ತಾಲೀಮು ಕೊಟ್ಟವರು ಜೇಮ್ಸ್ ಲಾಸನ್. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ, 1956ರಲ್ಲಿ ಅಮೆರಿಕಕ್ಕೆ ಮರಳಿದವರು. 1959ರ ಕೊನೆಯ ತಿಂಗಳುಗಳಲ್ಲಿ ಡಯೇನ್ ನ್ಯಾಶ್, ಜಾನ್ ಲೂಯಿಸ್ ಮುಂತಾದ ವಿದ್ಯಾರ್ಥಿಗಳನ್ನು ಚರ್ಚೊಂದರಲ್ಲಿ ಕೂರಿಸಿ ಪಾಠ ಶುರುಮಾಡಿದರು. ಅರ್ಧ ಜನರಿಗೆ ಗಿರಾಕಿಗಳ ಪಾತ್ರ, ಇನ್ನರ್ಧಕ್ಕೆ ಬಿಳಿ ಪುಂಡರ ಪಾತ್ರ. ‘ಪುಂಡರು’ ಬಾಯಿಗೆ ಬಂದಂತೆ ಬೈಯಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು, ಕುರ್ಚಿಯಿಂದ ಎಳೆದು ಕೆಡವಬೇಕು. ಬಿದ್ದವರು ಮೊಣಕಾಲು ಹೊಟ್ಟೆಗೊತ್ತಿ ಮುದುಡಿಕೊಂಡು ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಬೇಕು. ಒಬ್ಬನಿಗೇ ಏಟು ಬೀಳುತ್ತಿದ್ದರೆ ಉಳಿದವರು ನಡುವೆ ಮೈಯೊಡ್ಡಿ ಹಂಚಿಕೊಳ್ಳಬೇಕು. ಇಷ್ಟಾದ ಮೇಲೂ ಕೈ ಎತ್ತುವವರಿದ್ದರೆ ಅವರಿಗೆ ಬೇರೆ ಕೆಲಸ.

ಇದೆಲ್ಲ ಅತಿಯಾಯಿತು ಅನ್ನಿಸಬಹುದು. ನ್ಯಾಶ್‌ವಿಲ್ ಧರಣಿ ಶುರುವಾದ 1960ರ ಫೆಬ್ರವರಿಯಲ್ಲೇ ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ ತರಬೇತಿ ಇಲ್ಲದ ಹೈಸ್ಕೂಲು ಮಕ್ಕಳು ಧರಣಿಗೆ ಹೋದರು. ಅದು ಹೊಡೆದಾಟಕ್ಕೆ ತಿರುಗಿತು.

ನ್ಯಾಶ್‌ವಿಲ್‌ನವರ ಜಾಗದ ಆಯ್ಕೆಯೂ ನೋಡಿ. ವೂಲ್‌ವರ್ತ್, ಕ್ರೆಸ್‌ನಂಥ ಅಂಗಡಿಗಳಲ್ಲಿ ಕರಿಯರು ಟೂತ್‌ಪೇಸ್ಟು, ಪುಸ್ತಕ ಏನು ಬೇಕಾದರೂ ಕೊಳ್ಳಬಹುದಿತ್ತು. ಅದೇ ಅಂಗಡಿಯೊಳಗಿನ ಲಂಚ್ ಕೌಂಟರಿನಲ್ಲಿ ಕೂತು ಕಾಫಿ ಕುಡಿಯುವಂತಿರಲಿಲ್ಲ. ಅದಕ್ಕೇ ಮೊದಲು ಸಣ್ಣದೊಂದು ಸಾಮಾನು ಕೊಂಡು, ಆಮೇಲೆ ಕೌಂಟರಿಗೆ ಹೋಗುತ್ತಿದ್ದರು. ‘ಅಲ್ಲಿ ನನ್ನ ದುಡ್ಡು ಆಗುತ್ತದೆ, ಇಲ್ಲಿ ಯಾಕಿಲ್ಲ?’ ಎಂದರೆ ಮ್ಯಾನೇಜರನ ಬಳಿ ಉತ್ತರವಿಲ್ಲ.

ಫೆಬ್ರವರಿ 13ರಂದು ನೂರಿಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಚರ್ಚಿಗೆ ಹೋಗುವ ಬಟ್ಟೆ ತೊಟ್ಟು, ಪಠ್ಯಪುಸ್ತಕ ಹಿಡಿದು ಹೊರಟರು. ಆ ತಿಂಗಳ ಕೊನೆಗೆ ಕೈಗೆ ನಿಯಮಗಳ ಚೀಟಿಯೂ ಬಂತು: ತಿರುಗಿ ಹೊಡೆಯಬೇಡಿ, ಬೈಯಬೇಡಿ, ಜೋರಾಗಿ ನಗಬೇಡಿ, ನೆಟ್ಟಗೆ ಕೂತು ಕೌಂಟರಿನ ಕಡೆಗೇ ಮುಖ ಮಾಡಿ, ನಾಯಕ ಹೇಳದೆ ಏಳಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಈ ಕೊನೆಯದು ಬರೀ ಶಿಷ್ಟಾಚಾರವಲ್ಲ, ದಾರಿಗೆ ಅಡ್ಡ ನಿಂತರೆಂಬ ಕೇಸಿಗೆ ಆಸ್ಪದ ಕೊಡಬಾರದು.

ಫೆಬ್ರವರಿ 27ರಂದು ಪುಂಡರು ನಿಜವಾಗಿಯೇ ಬಂದರು. ಸ್ಟೂಲಿನಿಂದ ಎಳೆದು ಹೊಡೆದರು. ಪೊಲೀಸರು ಹೊಡೆದವರನ್ನು ಬಿಟ್ಟು, ಕೂತಿದ್ದ 81 ಜನರನ್ನು ಹಿಡಿದರು. ಆದರೆ ಒಂದು ತಂಡವನ್ನು ವ್ಯಾನಿಗೆ ಹತ್ತಿಸುವಷ್ಟರಲ್ಲಿ ಅದೇ ಸ್ಟೂಲುಗಳ ಮೇಲೆ ಎರಡನೆಯ ತಂಡ, ಅವರನ್ನು ಒಯ್ದರೆ ಮೂರನೆಯದು! ನಿಮ್ಮ ಧರಣಿಗೂ ಅವರದಕ್ಕೂ ಇರುವ ಅಂತರ ಬಹುಶಃ ಇಲ್ಲೇ ಇದೆ.

ಕೋರ್ಟು ತಲಾ 50 ಡಾಲರ್ ದಂಡ ಹಾಕಿತು. ಅನೇಕರು ಕಟ್ಟಲಿಲ್ಲ, ಬದಲಿಗೆ ಮೂವತ್ಮೂರು ದಿನಗಳ ಜೈಲು ಆರಿಸಿಕೊಂಡರು. ದಂಡ ಕಟ್ಟಿದರೆ ತಪ್ಪು ಒಪ್ಪಿದಂತೆ, ನಗರದ ಖಜಾನೆ ತುಂಬಿಸಿದಂತೆ. ಜೈಲಿಗೆ ಹೋದರೆ ಅನ್ನ ಹಾಕುವ ಖರ್ಚು ನಗರದ್ದು. ಮೇಯರ್ ಬೆನ್ ವೆಸ್ಟ್ ಸಮಿತಿ ರಚಿಸಿದರು. ಅದು ಕೌಂಟರನ್ನೇ ಎರಡು ಭಾಗ ಮಾಡಿ, ಒಂದು ಬಿಳಿಯರಿಗೆ, ಇನ್ನೊಂದು ಎಲ್ಲರಿಗೂ ಎಂದಿತು. ವಿದ್ಯಾರ್ಥಿಗಳು ಒಪ್ಪಲಿಲ್ಲ, ನಮ್ಮ ಎರಡು ಲೋಟದ ಹೋಟೆಲು ನೆನಪಿರುವವರಿಗೆ ಕಾರಣ ವಿವರಿಸಬೇಕಿಲ್ಲ.

ಈಸ್ಟರ್ ಎಂದರೆ ಅಲ್ಲಿ ಹೊಸಬಟ್ಟೆಯ ಕಾಲ, ನಮ್ಮ ಯುಗಾದಿಯ ಹಾಗೆ. ಆ ಹೊತ್ತಿಗೇ ಕರಿಯರು ಪೇಟೆ ವ್ಯಾಪಾರ ಬಹಿಷ್ಕರಿಸಿದರು. ಗಲಾಟೆಯ ಭಯಕ್ಕೆ ಬಿಳಿಯರೂ ಪೇಟೆಗೆ ಬರುವುದು ಕಡಿಮೆಯಾಯಿತು. ಏಪ್ರಿಲ್ 19ರಂದು ವಿದ್ಯಾರ್ಥಿಗಳ ಪರ ವಕೀಲ ಲೂಬಿಯವರ ಮನೆಗೆ ಬಾಂಬು ಬಿತ್ತು. ಅಂದೇ ಸಾವಿರಾರು ಜನ ಸದ್ದಿಲ್ಲದೆ ಸಿಟಿ ಹಾಲಿಗೆ ನಡೆದರು. ಮೆಟ್ಟಿಲ ಮೇಲೆ ಡಯೇನ್ ನ್ಯಾಶ್ ಭಾಷಣ ಬಿಗಿಯಲಿಲ್ಲ; ಬಣ್ಣ ನೋಡಿ ಭೇದ ಮಾಡುವುದು ಸರಿಯೇ ಎಂದು ಮೇಯರರನ್ನು ನೇರವಾಗಿ ಕೇಳಿದರು. ಸರಿಯಲ್ಲ ಎಂದು ಅವರು ಎಲ್ಲರೆದುರು ಒಪ್ಪಿದರು. ಅಂಗಡಿಯವರಿಗೂ ಅಷ್ಟೇ ಬೇಕಿತ್ತು, ಹಿಂದೆ ಸರಿಯಲು ಒಂದು ನೆಪ.

ಮೇ 10ರಂದು ಆರು ಅಂಗಡಿಗಳ ಕೌಂಟರು ತೆರೆದದ್ದೂ ಲೆಕ್ಕಾಚಾರದಿಂದಲೇ. ಮೊದಲೇ ಗೊತ್ತುಮಾಡಿಕೊಂಡ ಹೊತ್ತಿಗೆ, ಸಣ್ಣ ಸಣ್ಣ ಗುಂಪಿನಲ್ಲಿ, ಘೋಷಣೆಯಿಲ್ಲದೆ ಹೋಗಿ ಕೂತರು. ಈ ಸಲ ತಟ್ಟೆ ಬಂತು.