ಯೂಸ್‌ನೆಟ್ ಮುಳುಗಿದ್ದು ಗೂಗಲ್‌ನಿಂದಲೇ?

2024ರಲ್ಲಿ ಗೂಗಲ್ ತನ್ನ ಗ್ರೂಪ್ಸ್ ತಾಣದಲ್ಲಿ ಕೈಬಿಟ್ಟಿದ್ದರಿಂದಲೇ ಯೂಸ್‌ನೆಟ್ ಎಂಬ ಹಳೆಯ ಚರ್ಚಾ ಗುಂಪುಗಳ ಜಾಲ ಸತ್ತಿತಾ ಅಂತ ಕೇಳಿದ್ದೀರಿ. ಇಲ್ಲ, ಅಷ್ಟು ಹೊತ್ತಿಗೆ ಅದು ಹಾಸಿಗೆ ಹಿಡಿದು ಎಷ್ಟೋ ವರ್ಷ ಆಗಿತ್ತು.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಿಗೆ ಹೊಳೆದದ್ದು ಅದು. ಮಾಲೀಕರು ಯಾರೂ ಇಲ್ಲ. ಒಂದು ಸರ್ವರ್‌ಗೆ ಬಂದ ಬರಹವನ್ನು ಅದು ಪಕ್ಕದ ಸರ್ವರ್‌ಗೆ ದಾಟಿಸುತ್ತಿತ್ತು, ಅಷ್ಟೇ. ಅದರ ಚೆಂದವೂ ಅದೇ, ತೊಂದರೆಯೂ ಅದೇ. ಹೆಚ್ಚಿನ ಗುಂಪುಗಳಿಗೆ ಬಾಗಿಲು ಕಾಯುವವರೇ ಇರಲಿಲ್ಲ. 1994ರಲ್ಲಿ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಸುರಿದರು. ಆಮೇಲೆ ಸ್ಪ್ಯಾಮ್ ನಿಲ್ಲಲೇ ಇಲ್ಲ.

ನನ್ನ ಲೆಕ್ಕದಲ್ಲಿ ಜಾಸ್ತಿ ಪೆಟ್ಟು ಕೊಟ್ಟಿದ್ದು ಖರ್ಚು. ಚಿತ್ರ, ಸಿನಿಮಾ ಫೈಲುಗಳೂ ಅದರಲ್ಲೇ ಹರಿಯತೊಡಗಿದವು. ಆ ಹೊರೆ ಹೊರುವ ಬದಲು ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಯೂಸ್‌ನೆಟ್ ಸೇವೆಯನ್ನೇ ಸುಮ್ನೆ ನಿಲ್ಲಿಸಿಬಿಟ್ಟವು. ತವರುಮನೆ ಡ್ಯೂಕ್ ಕೂಡ 2010ರಲ್ಲಿ ತನ್ನ ಸರ್ವರ್ ಮುಚ್ಚಿತು! ಜನ ಅಷ್ಟರಲ್ಲಿ ವೆಬ್‌ಗೆ ಹೋಗಿದ್ದರು. ಅಲ್ಲಿ ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳುವ ರಗಳೆ ಇಲ್ಲ, ಅಲ್ವಾ?

ಅಂದಹಾಗೆ, ಪೂರ್ತಿ ಸತ್ತಿಲ್ಲ. ಎಟರ್ನಲ್ ಸೆಪ್ಟೆಂಬರ್ ಎಂಬ ಸರ್ವರ್ ಪುಕ್ಕಟೆ ಖಾತೆ ಕೊಡುತ್ತದೆ, ಥಂಡರ್‌ಬರ್ಡ್ ಎಂಬ ಇಮೇಲ್ ಸಾಫ್ಟ್‌ವೇರ್‌ನಲ್ಲೇ ಓದಬಹುದು. ಒಮ್ಮೆ ಇಣುಕಿ ನೋಡಿ.