ಊರು ಬಿಟ್ಟ ಗುರು, ಉಳಿದ ವಿದ್ಯೆ

ಪ್ರಶ್ನೆ: ರೋಮನ್ನರು ಜೆರುಸಲೇಮಿಗೆ ಮುತ್ತಿಗೆ ಹಾಕಿದ್ದಾಗ ಯೆಹೂದಿ ಗುರು ಯೋಹಾನನ್ ಬೆನ್ ಝಕ್ಕಾಯ್ ಸತ್ತಂತೆ ನಟಿಸಿ, ಶವಪೆಟ್ಟಿಗೆಯಲ್ಲಿ ಊರು ಬಿಟ್ಟರೆಂದು ಓದಿದೆ. ಜನ ಹಸಿವಿನಿಂದ ಸಾಯುತ್ತಿದ್ದಾಗ ತಪ್ಪಿಸಿಕೊಂಡು ಹೋದವರನ್ನು ಮಹಾನುಭಾವರೆನ್ನುವುದು ಸರಿಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಕೋಟೆ ಒಡೆದ ಜಾಗವನ್ನು ಕಂಡಿರುವ ತಮ್ಮ ಜಿಲ್ಲೆಯವರಿಗೆ ಮುತ್ತಿಗೆಯೆಂದರೇನೆಂದು ವಿವರಿಸಬೇಕಿಲ್ಲ. ಆದರೆ ಜೆರುಸಲೇಮಿನ ಸಂಕಟ ಹೊರಗಿನಿಂದ ಮಾತ್ರ ಬಂದದ್ದಲ್ಲ. ಸಂಧಾನದ ಮಾತನ್ನೇ ಸಹಿಸದ ಉಗ್ರರು ಊರೊಳಗಿನ ದವಸದ ಕಣಜಗಳಿಗೆ ತಾವೇ ಬೆಂಕಿಯಿಟ್ಟರೆಂದೂ, ಯಾರನ್ನೂ ಹೊರಗೆ ಬಿಡದೆ ಬಾಗಿಲು ಕಾದರೆಂದೂ ಯೆಹೂದಿಗಳ ಧರ್ಮಗ್ರಂಥವಾದ ತಾಲ್ಮುಡ್ ಹೇಳುತ್ತದೆ. ಆ ಉಗ್ರರ ನಾಯಕ ಯೋಹಾನನರ ಸೋದರಳಿಯನೇ. ಸತ್ತಂತೆ ನಟಿಸುವ ಉಪಾಯ ಹೇಳಿಕೊಟ್ಟವನೂ ಅವನೇ. ದುರ್ವಾಸನೆಯ ವಸ್ತುವೊಂದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು, ಜೀವವಿರುವ ದೇಹ ಹೆಣಕ್ಕಿಂತ ಹಗುರವೆಂಬ ನಂಬಿಕೆಯಿದ್ದುದರಿಂದ ಗುಟ್ಟು ಬೇರೆಯವರಿಗೆ ಗೊತ್ತಾಗದಂತೆ ಶಿಷ್ಯರು ಮಾತ್ರ ಹೊರಬೇಕು ಎಂದು ಅವನು ಎಚ್ಚರಿಸಿದನಂತೆ. ಎಲಿಯೇಜರ್ ಮತ್ತು ಯೆಹೋಶುವ ಎಂಬ ಶಿಷ್ಯರು ಹೆಗಲು ಕೊಟ್ಟರು. ಬಾಗಿಲಲ್ಲಿ ಕಾವಲಿನವರು ಈಟಿಯಿಂದ ತಿವಿದು ನೋಡಲು ಮುಂದಾದಾಗ, ‘ತಮ್ಮ ಗುರುವನ್ನೇ ತಿವಿದರು ಎಂದು ರೋಮನ್ನರು ಆಡಿಕೊಳ್ಳುವುದಿಲ್ಲವೇ’ ಎಂಬ ಮಾತು ಅವರನ್ನು ತಡೆಯಿತು.

ಈ ಕಥೆಗೆ ಹಲವು ಪಾಠಾಂತರಗಳಿವೆ, ಎಲ್ಲವೂ ಘಟನೆಯ ಎಷ್ಟೋ ಕಾಲದ ನಂತರ ಬರೆದಿಟ್ಟವು. ಆದ್ದರಿಂದ ಪ್ರತಿ ವಿವರವನ್ನೂ ಇತಿಹಾಸವೆಂದು ಒಪ್ಪಬೇಕಿಲ್ಲ. ಊರಾಚೆ ರೋಮನ್ ಸೇನಾಪತಿ ವೆಸ್ಪಾಸಿಯನ್ ಏನು ಬೇಕೆಂದು ಕೇಳಿದಾಗ ಯೋಹಾನನ್ ಬೇಡಿದ್ದು ಯಾವ್ನೆ ಎಂಬ ಊರನ್ನೂ ಅಲ್ಲಿನ ವಿದ್ವಾಂಸರನ್ನೂ, ಗಮಲಿಯೇಲರೆಂಬ ಗುರುಗಳ ವಂಶದ ರಕ್ಷಣೆಯನ್ನೂ, ಜೆರುಸಲೇಮ್ ಉಳಿಯಲೆಂದು ವರ್ಷಗಟ್ಟಲೆ ಉಪವಾಸವಿದ್ದು ಸೊರಗಿದ್ದ ರಬ್ಬಿ (ಗುರು) ಝಾದೋಕರಿಗೆ ಒಬ್ಬ ವೈದ್ಯನನ್ನೂ. ತಮ್ಮ ಆಕ್ಷೇಪವನ್ನು ತಾಲ್ಮುಡ್ಡೇ ಎತ್ತುತ್ತದೆ: ಜೆರುಸಲೇಮನ್ನೇ ಉಳಿಸಿಬಿಡಿ ಎಂದು ಏಕೆ ಕೇಳಲಿಲ್ಲ? ಅಷ್ಟು ದೊಡ್ಡದನ್ನು ಕೇಳಿದರೆ ಸಿಗಬಹುದಾದ ಅಲ್ಪವೂ ಕೈತಪ್ಪೀತೆಂದು ಅವರು ಭಾವಿಸಿದರು ಎಂಬ ಉತ್ತರವೂ ಅಲ್ಲಿಯೇ ಇದೆ. ನನಗೆ ಆ ಉತ್ತರ ಸರಿಯೆನಿಸುತ್ತದೆ, ಏಕೆಂದರೆ ಅವರ ಬೇಡಿಕೆಯಲ್ಲಿ ಸ್ವಂತಕ್ಕೆಂದು ಏನೂ ಇರಲಿಲ್ಲ.

ಕ್ರಿ.ಶ. 70ರಲ್ಲಿ ವೆಸ್ಪಾಸಿಯನ್ನನ ಮಗ ಟೈಟಸ್ ನಗರವನ್ನು ಗೆದ್ದಾಗ ದೇವಾಲಯ ಸುಟ್ಟುಹೋಯಿತು. ಬಲಿಯರ್ಪಣೆಯೇ ನಿಂತ ಮೇಲೆ ಪಾಪಕ್ಕೆ ಪರಿಹಾರವೆಲ್ಲಿ ಎಂದು ಯೆಹೋಶುವ ಅತ್ತಾಗ, ಅದಕ್ಕೆ ಸಮನಾದದ್ದು ನಮ್ಮಲ್ಲಿದೆ, ಅದು ಪರೋಪಕಾರ ಎಂದ ಯೋಹಾನನ್, ಬಲಿಗಿಂತ ಕರುಣೆಯೇ ದೇವರಿಗೆ ಇಷ್ಟವೆಂಬ ಪ್ರವಾದಿ ಹೋಶೇಯನ ಮಾತನ್ನು ನೆನಪಿಸಿದರು. ಅದು ಬರಿಯ ಸಾಂತ್ವನವಾಗಿರಲಿಲ್ಲ. ಹೊಸ ವರ್ಷದ ಹಬ್ಬ ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನ ಬಂದರೆ ದೇವಾಲಯದಲ್ಲಿ ಮಾತ್ರ ಊದುತ್ತಿದ್ದ ಟಗರಿನ ಕೊಂಬನ್ನು ಇನ್ನು ಮುಂದೆ ನ್ಯಾಯಸಭೆಯಿರುವ ಊರುಗಳಲ್ಲೂ ಊದಬಹುದೆಂದು ಅವರು ವಿಧಿಸಿದರು. ಯಾವ್ನೆಯಲ್ಲಿ ಹೀಗೆ ಮುಂದುವರಿದ ಪಾಠಪರಂಪರೆಯೇ ಎಲಿಯೇಜರ್ ಮತ್ತು ಯೆಹೋಶುವರಿಂದ ಅವರ ಶಿಷ್ಯ ಅಕೀವರಿಗೆ, ಅವರ ಶಿಷ್ಯರಿಗೆ ಇಳಿದು, ಸುಮಾರು ಕ್ರಿ.ಶ. 200ರಲ್ಲಿ ಯೆಹೂದಾ ಹನಾಸಿಯವರ ಕೈಯಲ್ಲಿ ಮಿಶ್ನಾ ಎಂಬ ಯೆಹೂದಿ ಧರ್ಮಶಾಸ್ತ್ರದ ಸಂಹಿತೆಯಾಯಿತು.